ಸಹಾಯ ಪುಟಗಳಿಗೆ ಕಾಕಿಯ ಒಪ್ಪಿಗೆ

ಗುರುಲಿಂಗಪ್ಪ ಕಾಕಾ,

ಮುಖ್ಯ ಸುದ್ದಿ ಮೊದಲ ಸಾಲಿನಲ್ಲೇ ಇರಬೇಕೆಂದು ನೀವೇ ಕಲಿಸಿದ್ದು. ಆದ್ದರಿಂದ ಕೇಳಿ: ನಾವು ತಿದ್ದುತ್ತಿದ್ದ ಕನ್ನಡದ ಸಹಾಯ ಪುಟಗಳು ಉಳಿದವು.

ಬಾಗಲಕೋಟೆಯ ಪತ್ರಿಕೆಯಲ್ಲಿ ಕರಡು ತಿದ್ದಿ ನಿವೃತ್ತರಾದ ನಿಮಗೆ, ಅದೇ ಪತ್ರಿಕೆಯಲ್ಲಿ ನಾನು ಪುಟ ಕಟ್ಟಲು ಬಳಸುವ ಉಚಿತ ತಂತ್ರಾಂಶದ ಸಹಾಯ ಪುಟವೊಂದನ್ನು ತೋರಿಸಿದ ದಿನ ನೆನಪಿದೆಯೇ? ‘ಕಡತವು ನಿಮ್ಮಿಂದ ಉಳಿಸಲ್ಪಡಬೇಕಾಗಿರುತ್ತದೆ’ ಎಂದಿತ್ತು. “ಇದನ್ನ ಬರದಾಂವ ಮನ್ಯಾಗೂ ಹಿಂಗ ಮಾತಾಡ್ತಾನೇನಲೇ, ಮೈಬೂಬ?” ಎಂದಿರಿ. ಇದನ್ನು ಯಾರು ಬೇಕಾದರೂ ತಿದ್ದಬಹುದು, ಆದರೆ ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಒಪ್ಪಬೇಕು ಎಂದೆ. ಮರುದಿನವೇ ತಿದ್ದಲು ಕೂರೋಣವೆಂದು ನಿಮ್ಮ ಹುನಗುಂದದ ಮನೆಗೆ ನನ್ನನ್ನು ಕರೆಸಿಕೊಂಡಿರಿ.

ನಿಮ್ಮ ಕಣ್ಣು ಮಂಜಾದ ಮೇಲೆ ಪ್ರೆಸ್ಸಿನ ಹಳೆಯ ಪದ್ಧತಿಗೆ ಮರಳಿದೆವು. ನೀಲವ್ವ ಕಾಕಿ ಪರದೆ ನೋಡಿ ಓದುವುದು, ನೀವು ಕಣ್ಣು ಮುಚ್ಚಿ ಕೇಳುವುದು, ನಾನು ತಿದ್ದುವುದು, ಕೊನೆಗೆ ನೀವು ಒಪ್ಪುವುದು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಒಂದು ಬಿಟ್ಟರೂ ನೀವು ಕೈ ಎತ್ತುತ್ತಿದ್ದಿರಿ. “ನಿಮ್ಮ ಕಾಕಾರ ನೌಕರಿ ಮುಗೀತು, ನಂದು ಸುರು ಆತು ನೋಡು,” ಎಂದು ಕಾಕಿ ಗೊಣಗುತ್ತಿದ್ದರು. ಓದುವುದನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ನೀವು ತೀರಿಹೋದ ಮೇಲೆ ಒಪ್ಪುವವರಿಲ್ಲದೆ ನನ್ನ ತಿದ್ದುಪಡಿಗಳೆಲ್ಲ ಹಾಗೇ ನಿಂತವು. ಹೊಸ ಆವೃತ್ತಿ ಬರುವುದರೊಳಗೆ ಎರಡನೆಯವರು ಸಿಗದಿದ್ದರೆ ಕನ್ನಡವನ್ನು ಕೈಬಿಡುತ್ತೇವೆ ಎಂದು ತಂತ್ರಾಂಶದವರು ಬರೆದರು. ನೀವು ಅಷ್ಟು ವರ್ಷ ಕೂತು ಮಾಡಿದ ಕೆಲಸ... ಒಪ್ಪುವ ಕೆಲಸಕ್ಕೆ ಬನ್ನಿ ಎಂದು ಕಾಕಿಯನ್ನು ಕೇಳಿದೆ. “ನಾ ಅವರಿಗೆ ಓದತಿದ್ನಿ. ಈಗ ಯಾರಿಗಂತ ಓದ್ಲಿ?” ಎಂದರು.

ಒಂದು ಮಧ್ಯಾಹ್ನ ನಿಮ್ಮ ಪಡಸಾಲೆಯಲ್ಲಿ ಕೂತು, ಉಳಿದ ಪುಟವೊಂದನ್ನು ನಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅಲ್ಪವಿರಾಮ ನುಂಗಿದಿ.”

“ಇಲ್ರಿ ಕಾಕಿ.”

“ನನಗ ಕಿವಿ ಅದಾವು. ಅತ್ತಾಗ ಸರಿ, ನಾ ಓದತೀನಿ.”

ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಂದು ನಿಮ್ಮ ಕುರ್ಚಿಯಲ್ಲಿ ಕೂತರು. ನೀವು ಹೋದಾಗಿನಿಂದ ಅದರಲ್ಲಿ ಯಾರೂ ಕೂತಿರಲಿಲ್ಲ. ಪುಟದ ಮೊದಲ ಸಾಲಿನಿಂದ ಓದತೊಡಗಿದರು. ಅಂದು ಸಂಜೆ ಅವರ ಹೆಸರಿನಲ್ಲೇ ಖಾತೆ ತೆರೆದೆ. ನಿಂತಿದ್ದ ತಿದ್ದುಪಡಿಗಳನ್ನು ಒಂದೊಂದಾಗಿ ಓದಿ, ಎಷ್ಟೋ ಕಡೆ ನನ್ನನ್ನು ಬೈದು, ಒಪ್ಪಿದರು. ಹೊಸ ಆವೃತ್ತಿ ಬಂದಿದೆ. ಅದರಲ್ಲಿ ಕನ್ನಡ ಇದೆ.

ಇನ್ನೊಂದು ಸುದ್ದಿ ಇದೆ. ಹಿಂದೆ ನೀವೇ ಒಪ್ಪಿದ್ದ ಪುಟವೊಂದರಲ್ಲಿ ಮೊನ್ನೆ ಕಾಕಿ ತಪ್ಪು ಹಿಡಿದರು. “ಇದು ನಿಮ್ಮ ಕಾಕಾರದು,” ಎಂದು ನಕ್ಕರು. ನೀವು ಹೋದ ಮೇಲೆ ಅವರು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಬಿಟ್ಟಬಿಡೂಣೇನ್ರಿ ಕಾಕಿ?”

“ಯಾಕ ಬಿಡೂದು? ಅವರು ಇದ್ದಾಗೂ ನಾ ಬಿಟ್ಟಿಲ್ಲ.”

ಅವರೇ ತಿದ್ದಿದರು. ಒಪ್ಪುವ ಸರದಿ ನನ್ನದಾಗಿತ್ತು. ನಿಮ್ಮ ಮುಖ ನೆನೆದು ಒಂದು ಗಳಿಗೆ ತಡೆದೆ. ಆಮೇಲೆ ಒಪ್ಪಿದೆ.

ನಿಮ್ಮ
ಮೈಬೂಬ