ರೊಟ್ಟಿಯ ಸಪ್ಪಳ

ಆದಿತ್ಯನಗರ,
ಭಾನುವಾರ

ಉಮಾ,

ನೀನು ಫೋನು ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲವಾರದಲ್ಲಿ ನಿಮ್ಮ ಅವ್ವನ ಮೊಣಕಾಲು ನೋವು ಹೇಗಿದೆ? ನೀನು ಸಿಟ್ಟಿನಿಂದ ತವರಿಗೆ ಹೋದ ದಿನದ ಮಾತನ್ನು ಇಲ್ಲಿ ಎತ್ತುವುದಿಲ್ಲ. ಕೇಳಬೇಕಾದದ್ದು ಬೇರೆ.

ಅಂಗಿಗೆ ಗುಂಡಿ ಹಚ್ಚುವುದು, ಬೇಳೆ ಕುದಿಸುವುದು, ಸಿಲಿಂಡರ್ ಬದಲಿಸುವುದು ಎಲ್ಲ ಕಲಿತೆ. ಜೋಳದ ರೊಟ್ಟಿ ಮಾತ್ರ ಕೈಗೆ ಹತ್ತುತ್ತಿಲ್ಲ. ಕುದಿಯುವ ನೀರು ಹಾಕಿಯೇ ನಾದುತ್ತೇನೆ, ಆದರೂ ಅಂಚು ಒಡೆಯುತ್ತದೆ. ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು. ಹಿಟ್ಟು ಹಳೆಯದಾಗಿ ಜಿಗಿ ಹೋಗಿದೆಯೋ, ನಾನು ನಾದುವುದು ಸಾಲದೋ, ತಿಳಿಸು.

ಇವತ್ತು ಬೆಳಿಗ್ಗೆ ಅಡುಗೆಮನೆಯ ಕಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಪಕ್ಕದ ಮನೆಯ ಮಾಶಾಬಿ ಗೋಡೆಯ ಆಚೆಯಿಂದಲೇ ಕೂಗಿದರು: "ಉಮಾ, ಊರಿಂದ ಯಾವಾಗ ಬಂದಿ? ಭಾಳ ಛಲೋ ಆತು ನೋಡು!"

ನಮ್ಮ ಮನೆಯಲ್ಲಿ ರೊಟ್ಟಿಯ ಸಪ್ಪಳ ಕೇಳಿದರೆ ಅದು ನೀನೇ ಎಂದು ಅವರು ತಿಳಿದಿದ್ದಾರೆ. ಬಡಿಯುವುದನ್ನು ನಿಲ್ಲಿಸಿದರೆ ಉತ್ತರ ಕೊಡಬೇಕಾಗುತ್ತಿತ್ತು. ಹಿಟ್ಟು ಮುಗಿದ ಮೇಲೂ ಖಾಲಿ ಕಲ್ಲನ್ನು ಬಡಿಯುತ್ತಲೇ ಇದ್ದೆ.

ದಾರಿ ನೋಡುತ್ತಾ,
ಆನಂದಕುಮಾರ