ಸ್ಕೂಟರಿನ ಹಿಂದೆ ಹತ್ತು ಕಿಲೋಮೀಟರು

ಮಾರ್ಚ್ 2, ಬೆಳಿಗ್ಗೆ 7.10
37 ನಿಮಿಷ 52 ಸೆಕೆಂಡು. ಥೂ. ಎಂದಿನಂತೆ ಚಿಕ್ಕಪ್ಪ ಸ್ಕೂಟರಿನಲ್ಲಿ ಹತ್ತಡಿ ಮುಂದೆ, ನಾನು ಹಿಂದೆ. ಅವರೇ ಕೋಚ್, ಅವರೇ ಗಡಿಯಾರ, ಬೈಗುಳವೂ ಅವರದೇ. ಆರನೇ ಕಿಲೋಮೀಟರಿಗೆ ಎದೆ ಹಿಡಿಯಿತು. ಕೆಮ್ಮು.

"ದಮ್ ಇಲ್ಲ ಕಣೇ ನಿಂಗೆ! ಮೂವತ್ತಾರರ ಒಳಗೆ ಬರ್ದೇ ಇದ್ರೆ ತಂಡ ಮರ್ತ್‌ಬಿಡು."

ರಾಜ್ಯ ತಂಡದ ಆಯ್ಕೆಯ ಟ್ರಯಲ್ 22ಕ್ಕೆ. ನನಗೆ ಮೂವತ್ತೊಂದು ವರ್ಷ. ಇನ್ನೊಂದು ಸಲ ಯಾರೂ ಕರೆಯುವುದಿಲ್ಲ. ಒಂಬತ್ತಕ್ಕೆ ಅಂಚೆ ಕಚೇರಿ. ಮೊಹರು ಒತ್ತುತ್ತಾ ಕೆಮ್ಮುವುದು.

ಮಾರ್ಚ್ 8, ಭಾನುವಾರ
ಚಿಕ್ಕಪ್ಪ ಊರಲ್ಲಿಲ್ಲ. ಒಬ್ಬಳೇ ಓಡಿದೆ. 36.20! ಗಡಿಯಾರ ಕೆಟ್ಟಿದೆಯಾ ಅಂತ ಕಿವಿಗಿಟ್ಟು ನೋಡಿದೆ. ಅದೇ ರಸ್ತೆ, ಅದೇ ಲಾರಿಗಳು, ಅದೇ ಹೊಗೆ ಮುಸುಕಿದ ಬೆಳಗು. ಬೈಯುವವರಿಲ್ಲ ಅಂತ ಇರಬಹುದಾ?

ಮಾರ್ಚ್ 9
ಮತ್ತೆ ಸ್ಕೂಟರು. 37.44. ಮೂಗು ಒರೆಸಿದೆ — ಕರ್ಚೀಫು ಕಪ್ಪು. ಆಗ ಹೊಳೆಯಿತು. ಅಯ್ಯೋ, ನನ್ನ ಬುದ್ಧಿಗಿಷ್ಟು! ಹನ್ನೊಂದು ವರ್ಷ ಆ ಸೈಲೆನ್ಸರಿಗೆ ಮುಖ ಕೊಟ್ಟುಕೊಂಡು ಓಡಿದ್ದೇನೆ. ವೇಗ ಕಲಿಸಲು ಅವರು ಹತ್ತಿರ ಬಂದಷ್ಟೂ ನಾನು ನಿಧಾನ.

ಮಾರ್ಚ್ 11
ಡಾಕ್ಟರಮ್ಮ ಮೂರು ಸಲ ಕೊಳವೆಗೆ ಊದಿಸಿದರು. "ದಮ್ಮು ಶುರುವಾಗಿದೆ ನಿಮ್ಗೆ." ನಗು ತಡೆಯಲಾಗಲಿಲ್ಲ. ಚಿಕ್ಕಪ್ಪ ದಮ್ ಇಲ್ಲ ಅಂತಾರೆ, ಇವರು ದಮ್ಮು ಇದೆ ಅಂತಾರೆ!

"ನಗ್ಬೇಡಿ. ಓಡುವಾಗ ಕೂತಿರೋರಿಗಿಂತ ಹತ್ತು ಪಟ್ಟು ಗಾಳಿ ಎಳೀತೀರಾ. ಅದೂ ಬಾಯಲ್ಲಿ. ಮೂಗು ಸೋಸೋದೂ ಇಲ್ಲ. ಹೊಗೆ ನೇರ ಒಳಗೆ."

ಬಾಯಲ್ಲಿಟ್ಟು ಔಷಧಿ ಎಳೆದುಕೊಳ್ಳುವ ಪಂಪ್ ಕೊಟ್ಟರು. ಹೊಗೆಯಿಂದ ದೂರ ಇರಿ ಅಂದರು.

ಮಾರ್ಚ್ 12
ಹೇಳಿಬಿಟ್ಟೆ. ಚಿಕ್ಕಪ್ಪ ಕೆಂಡವಾದರು.

"ನೆಪ! ಇಪ್ಪತ್ತು ವರ್ಷದಿಂದ ಹೀಗೇ ಓಡ್ಸಿದೀನಿ."

"ಅದಕ್ಕೇ ಚಿಕ್ಕಪ್ಪ, ನಿಮ್ಮ ಹುಡುಗ್ರೆಲ್ಲಾ ಕೆಮ್ಮೋದು. ಸ್ಕೂಟರು ಬಂದ್ರೆ ನಾನು ಬರಲ್ಲ."

ಬಾಗಿಲು ದಡಾರ್ ಅಂತ ಹಾಕಿಕೊಂಡರು. ಹಾಕಿಕೊಳ್ಳಲಿ. ಶ್ವಾಸಕೋಶ ನನ್ನದು.

ಮಾರ್ಚ್ 19
ಏಳು ದಿನ ಒಬ್ಬಳೇ. ಇವತ್ತು ತಿರುವಿನಲ್ಲಿ ನೋಡಿದರೆ — ಚಿಕ್ಕಪ್ಪ, ಚಿಕ್ಕಮ್ಮನ ಸೈಕಲ್ ಹಿಡಿದು ನಿಂತಿದ್ದಾರೆ! "ಏನೂ ಮಾತಾಡ್ಬೇಡ. ಓಡು." ಎರಡನೇ ಕಿಲೋಮೀಟರಿಗೇ ಏದುಸಿರು, ಹಿಂದೆ ಉಳಿದರು. ಎಷ್ಟು ಪ್ರೀತಿ ಬಂತು ಅವರ ಮೇಲೆ. 36.05.

ಮಾರ್ಚ್ 22, 8.30, ಅಧಿಕಾರಿಗಳ ಕೋಣೆಯ ಹೊರಗಿನ ಬೆಂಚು
ಟ್ರಯಲ್‌ನಲ್ಲಿ ನಮ್ಮ ಮುಂದೆ ಡೀಸೆಲ್ ಜೀಪು. ಅದರ ಬೆನ್ನಿಗೆ ದೊಡ್ಡ ಗಡಿಯಾರ. ದೂರ ಹೋಗಲಿ ಅಂತ ಅಧಿಕಾರಿಗಳನ್ನು ಕೇಳಿಕೊಂಡೆ. "ಎಲ್ಲಾ ಕಡೆ ಹೀಗೇನೇ ಅಮ್ಮ. ಇಷ್ಟ ಇದ್ರೆ ಓಡಿ."

ಮೂರನೇ ಕಿಲೋಮೀಟರಿಗೆ ಎದೆ ಬಿಗಿಯಿತು. ತಲೆ ಕೆಟ್ಟಿತು. ಎಡಗಡೆಯಿಂದ ನುಗ್ಗಿದೆ. "ಜೀಪ್ ದಾಟಿದ್ರೆ ಔಟ್!" ಅಂತ ಮೈಕಿನಲ್ಲಿ ಅರಚಿದರು. ದಾಟಿದೆ. ಅಬ್ಬಾ, ಗಾಳಿ! ನನ್ನ ಹಿಂದೆಯೇ ಇನ್ನಿಬ್ಬರು ಹುಡುಗಿಯರೂ ದಾಟಿದರು. 35.31. ಇಷ್ಟು ವರ್ಷದಲ್ಲಿ ಇಷ್ಟು ಬೇಗ ಓಡಿರಲಿಲ್ಲ.

ಈಗ ಮೂವರಿಗೂ ಒಂದೊಂದು ಹಾಳೆ. ತಪ್ಪಾಯಿತು ಅಂತ ಬರೆದುಕೊಟ್ಟರೆ ಹೆಸರು ಪಟ್ಟಿಯಲ್ಲಿ, ಇಲ್ಲದಿದ್ದರೆ ಇಲ್ಲ. ಯಾರೂ ಬರೆದಿಲ್ಲ. ಬೆಂಚಿನ ಪಕ್ಕ ನಿಂತಿದ್ದ ಚಿಕ್ಕಪ್ಪ ಮೂರೂ ಖಾಲಿ ಹಾಳೆ ಕಿತ್ತುಕೊಂಡು ಒಳಗೆ ಹೋದರು. ಕೂಗಾಟ ಇಲ್ಲಿಗೇ ಕೇಳುತ್ತಿದೆ — "ಮೊದ್ಲು ನೀವು ಆ ಜೀಪಿನ ಹಿಂದೆ ಒಂದು ಕಿಲೋಮೀಟರ್ ಓಡಿ ತೋರ್ಸ್ರೀ!"

ಬಾಗಿಲು ತೆರೆಯಿತು. ನನ್ನನ್ನೇ ಕರೆಯುತ್ತಿದ್ದಾರೆ. ಹೋಗುತ್ತೇನೆ. ಏನು ಬೇಕಾದರೂ ಕೇಳಲಿ, ತಪ್ಪಾಯಿತು ಅಂತ ಮಾತ್ರ ಬರೆದುಕೊಡುವುದಿಲ್ಲ.