ದೊಡ್ಡವನ ವ್ಯಾನು

ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾನು ಗಟ್ಟಿಯಾಗಿದ್ದೇನೆ. ವಿಚಾರಿಸಿಕೊಳ್ಳಲು ಯಾರನ್ನೂ ಕಳಿಸಬೇಡ.

ಚಿಕ್ಕವನ ವ್ಯಾನಿನ ಬ್ರೇಕ್ ಡ್ರಮ್ಮು ಮತ್ತೆ ಬಿರುಕು ಬಿಟ್ಟಿದೆ. ಮೊನ್ನೆ ಮೊನ್ನೆ ಅಂಗಡಿಯಿಂದ ಹೊಸದು ತಂದು ಹಾಕಿಸಿದ್ದ. ಅವನಿಗೋ ಎಲ್ಲವೂ ತಮಾಷೆ. “ಅಮ್ಮಾ, ನಾನೀಗ ಬ್ರೇಕ್ ಒತ್ತಲ್ಲ, ನಿಂತ್ಕೊಳಪ್ಪಾ ಅಂತ ಕೈ ಮುಗೀತೀನಿ” ಅನ್ನುತ್ತಾನೆ. ನನಗೆ ನಗು ಬರಲಿಲ್ಲ. ಅವನೂ ಅದೇ ರಸ್ತೆಯಲ್ಲಿ ಓಡಾಡಬೇಕು.

ಹೋದ ಸಲ ನೀನು, “ಅಕ್ಕಾ, ಈಗ ಬರೋದೆಲ್ಲ ಬರೀ ತಗಡು. ಗಟ್ಟಿ ಡ್ರಮ್ಮು ಇರೋದು ದೊಡ್ಡವನ ವ್ಯಾನಲ್ಲಿ ಮಾತ್ರ” ಎಂದಾಗ ನಿನ್ನ ಮುಖದ ಮೇಲೆಯೇ ಬಾಗಿಲು ಹಾಕಿದೆ. ಅವನು ಹೋದ ದಿನದಿಂದ ಆ ವ್ಯಾನು ನಿನ್ನ ಗ್ಯಾರೇಜಿನ ಹಿಂದೆ ನಿಂತಿದೆ. ನನ್ನ ಮಾತಿಗೆ ಕಟ್ಟುಬಿದ್ದು ನೀನು ಅದರ ಒಂದು ತಿರುಪನ್ನೂ ಮುಟ್ಟಿಲ್ಲ. ಬ್ರೇಕು ಸರಿಯಾಗಿಯೇ ಹಿಡಿದಿತ್ತು, ಲಾರಿ ಪಕ್ಕದಿಂದ ನುಗ್ಗಿತು ಎಂದು ನೀನೇ ಹೇಳಿದ್ದೆ.

ಇನ್ನು ಬಿಚ್ಚು. ಡ್ರಮ್ಮು ಮಾತ್ರವಲ್ಲ, ಗಟ್ಟಿಯಾಗಿ ಉಳಿದಿರುವುದೆಲ್ಲವನ್ನೂ ಚಿಕ್ಕವನ ವ್ಯಾನಿಗೆ ಹಾಕು. ಚೆನ್ನಾಗಿ ತೊಳೆದು ಹಾಕು. ಅವನು ಕೇಳಿದರೆ ಗುಜರಿಯಲ್ಲಿ ಸಿಕ್ಕಿತು ಎನ್ನು.

ಚಿಕ್ಕವನ ಹಾರ್ನೂ ಕೆಟ್ಟಿದೆ. ಅದನ್ನು ಮಾತ್ರ ಅವನ ಅಣ್ಣನ ವ್ಯಾನಿನಿಂದ ತೆಗೆಯಬೇಡ. ಬೀದಿಯ ತಿರುವಿನಲ್ಲಿ ದೊಡ್ಡವನ ಹಾರ್ನು ಕೇಳಿದ ಕೂಡಲೇ ನಾನು ಎದ್ದು ಒಲೆ ಹಚ್ಚುತ್ತಿದ್ದೆ. ಚಿಕ್ಕವನಿಗೆ ಅಂಗಡಿಯ ಹೊಸ ಹಾರ್ನು ಹಾಕು. ತಗಡಾದರೂ ಪರವಾಗಿಲ್ಲ.

ನಿನ್ನ ಅಕ್ಕ